ತೊಂಬತ್ತಾರು ಗ್ರಾಂ

ಬಾಲ್ಸಾ ಎಂಬ ಹಗುರ ಮರದ ಒಂದು ಹಾಳೆಗೆ ಕೊಡುವ ದುಡ್ಡಿನಲ್ಲಿ ಪೌಲೋನಿಯಾ ಮರದ ಹಾಳೆ ಮೂರು ಬರುತ್ತವೆ. ಬಿಳಿ ಫೋಮಿನ ಹಾಳೆ ಎರಡು ಬಂದು ಮೇಲೆ ಚಹಾದ ಖರ್ಚಿಗೆ ಉಳಿಯುತ್ತದೆ. ಜೇನುಗೂಡಿನ ಹಾಗೆ ತೂತು ತೂತಾದ ಕಾಗದದ ಹಾಳೆ ಐದು ಬರುತ್ತವೆ, ಆದರೆ ಅದರಲ್ಲಿ ಬೋಲ್ಟು ಕೂರುವುದಿಲ್ಲವಾದ್ದರಿಂದ ಪುಕ್ಕಟೆ ಸಿಕ್ಕರೂ ಅದು ದುಬಾರಿಯೇ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ದೊಡ್ಡಸೊಸೆ ಈ ಲೆಕ್ಕ ಒಪ್ಪಿಸುತ್ತಿದ್ದಳು. ಬೆಲೆಯ ಪಟ್ಟಿಯಲ್ಲಿ ಬಾರದ್ದು ಬೇರೆ ಇತ್ತು: ಮರದ ಮಂಡಿಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತು ಇನ್ನೂರು ಬಾಲ್ಸಾ ಹಾಳೆಗಳನ್ನು ಒಂದೊಂದಾಗಿ ಅಂಗೈ ಮೇಲಿಟ್ಟು ತೂಗಿ ನಲವತ್ತನ್ನು ಆರಿಸಿದ ಮೂರು ದಿನ, ಉಳಿದ ನೂರ ಅರವತ್ತನ್ನು ಮತ್ತೆ ಜೋಡಿಸಿಡಬೇಕಾಗಿ ಬಂದ ಮಂಡಿಯವನ ಮುಖ, ಮತ್ತು ಆ ಮಂಡಿಯವನ ಎದುರಿಗೇ ವಾರಗಿತ್ತಿಗೆ ಅಂದ ಒಂದು ಮಾತು. ಎಲ್ಲ ಕೂಡಿದರೆ ಬಾಲ್ಸಾದಷ್ಟು ತುಟ್ಟಿಯಾದ ಮರ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಅವಳಿಗೆ ಅನ್ನಿಸಿದ್ದು ಬೆಳಿಗ್ಗೆ ಏಳು ಗಂಟೆಗೆ, ಇನ್ನೂ ಯಾರೂ ಬಾರದ ವರ್ಕ್‌ಶಾಪಿನಲ್ಲಿ ತಕ್ಕಡಿಯ ಕೆಂಪು ಅಂಕಿಗಳನ್ನು ನೋಡುತ್ತ ನಿಂತಾಗ.

ತಕ್ಕಡಿಯ ಮೇಲಿದ್ದದ್ದು ಸ್ಕೇಟ್‌ಬೋರ್ಡಿಗೆಂದು ಒತ್ತಿದ ಅವಳ ಬಾಲ್ಸಾ ಹಲಗೆ. ಸಾವಿರದ ಮುನ್ನೂರ ತೊಂಬತ್ತು ಗ್ರಾಂ. ಅದಕ್ಕೆ ಮೊದಲು ಇಟ್ಟು ತೆಗೆದದ್ದು ವಾರಗಿತ್ತಿಯ ಪೌಲೋನಿಯಾ ಹಲಗೆ. ಸಾವಿರದ ಮುನ್ನೂರ ಹತ್ತು. ಅವಳು ತಕ್ಕಡಿಯ ತಟ್ಟೆಯನ್ನು ಊದಿದಳು, ಏಪ್ರನ್ನಿನ ತುದಿಯಿಂದ ಒರೆಸಿದಳು, ಸ್ವಿಚ್ಚು ಆರಿಸಿ ಹಾಕಿದಳು, ಕಿಟಕಿಯ ಗಾಳಿಯ ಕಾಟವಿರಬಹುದೆಂದು ಒಳಗಿನ ಮೇಜಿಗೆ ಹೊತ್ತು ಒಯ್ದಳು. ಮನುಷ್ಯರನ್ನು ಒಂದೇ ಪ್ರಶ್ನೆ ಮೂರು ಸಲ ಕೇಳಿದರೆ ಮೂರನೆಯ ಸಲಕ್ಕಾದರೂ ನಮಗೆ ಬೇಕಾದ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ತಕ್ಕಡಿಗೆ ಅಷ್ಟು ದಾಕ್ಷಿಣ್ಯವಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿದ್ದ ಮೂರನೆಯ ಹಲಗೆ, ಫೋಮಿನದು, ಸ್ಪರ್ಧೆಯಲ್ಲೇ ಇರಲಿಲ್ಲ; ಕುರ್ಚಿಯ ಹಲಗೆಗೆ ಕೊಡುವಷ್ಟೇ ಒತ್ತಡವನ್ನು ಅದಕ್ಕೂ ಕೊಟ್ಟಿದ್ದರಿಂದ ಅದು ಆನೆ ಕೂತೆದ್ದ ತಲೆದಿಂಬಿನ ಹಾಗೆ ಚಪ್ಪಟೆಯಾಗಿತ್ತು. ಅದನ್ನು ನೋಡಿ ಅತ್ತೆ, ಸೊಸೆಯರು ಮೂವರೂ ನಕ್ಕಿದ್ದರು. ತಕ್ಕಡಿಯ ಅಂಕಿ ನೋಡಿ ನಗಲು ಈಗ ಅವಳೊಬ್ಬಳೇ ಇದ್ದಳು, ಅವಳಿಗೆ ನಗು ಬರಲಿಲ್ಲ.

ಇಪ್ಪತ್ತು ವರ್ಷ ಆ ಮನೆಯವರು ಕುರ್ಚಿಗಳ ಬಾಗಿದ ಹಲಗೆಗಳನ್ನು ಒತ್ತುತ್ತಿದ್ದರು. ಅಣ್ಣತಮ್ಮಂದಿರು ವ್ಯಾನು ಹೊಡೆದುಕೊಂಡು ಮಾಲು ಸಾಗಿಸುತ್ತಿದ್ದರು, ಸೊಸೆಯರಿಬ್ಬರು ಪ್ರೆಸ್ಸು ನಡೆಸುತ್ತಿದ್ದರು, ಅತ್ತೆ ಗಡಿಯಾರ ಹಿಡಿದು ಕೂತು ಒಂದೊಂದು ಒತ್ತಿಗೆ ನಲವತ್ತು ನಿಮಿಷ ಎಣಿಸುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ಬಂದು ಆ ಕೆಲಸ ತೆಳ್ಳಗಾಗುತ್ತಿದ್ದ ಹೊತ್ತಿಗೆ ಒಬ್ಬ ದಪ್ಪನೆಯ ಹೆಂಗಸು ಕಂಕುಳಲ್ಲಿ ಸ್ಕೇಟ್‌ಬೋರ್ಡು ಇರುಕಿಕೊಂಡು ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ನಲವತ್ತು ದಾಟಿದವರಿಗೆ ಸ್ಕೇಟಿಂಗ್ ಕಲಿಸುವ ಟೀಚರ್ ಅವಳು. ಅವಳ ಶಿಷ್ಯರೆಲ್ಲ ಬ್ಯಾಂಕಿನವರು, ಹೊಲಿಗೆಯವರು, ಹಲ್ಲಿನ ಡಾಕ್ಟರು, ಒಬ್ಬಳು ಅಜ್ಜಿ. ಕಲಿಯುವುದು ಗುಡ್ಡದ ಮೇಲಿನ ಇಳಿಜಾರು ರಸ್ತೆಯಲ್ಲಿ. "ಇಳಿಯೋದು ಎರಡು ನಿಮಿಷ ಕಣ್ರೀ, ಹೊತ್ಕೊಂಡು ಹತ್ತೋದು ಇಪ್ಪತ್ತು ನಿಮಿಷ," ಎಂದಿದ್ದಳು ಟೀಚರ್. "ನನ್ನ ಕ್ಲಾಸು ಬಿಟ್ಟೋರು ಬಿದ್ದು ಬಿಟ್ಟಿದ್ದಲ್ಲ, ಹೊತ್ತು ಸಾಕಾಗಿ ಬಿಟ್ಟಿದ್ದು. ಹಗುರದ್ದು ಮಾಡ್ಕೊಡಿ, ಮೂವತ್ತು ತಗೋತೀನಿ." ಹಗುರ ಹಲಗೆಯ ಗುಟ್ಟು ಇಷ್ಟೇ: ಮೇಲೊಂದು ಕೆಳಗೊಂದು ಗಾಜಿನ ನಾರಿನ ಬಟ್ಟೆಯ ಪದರ, ಅಂಟಿನಲ್ಲಿ ನೆನೆದದ್ದು, ನಡುವೆ ಹಗುರವಾದ ತಿರುಳು. ಭಾರ ತಡೆಯುವುದು ಮೇಲಿನ ಕೆಳಗಿನ ಚರ್ಮ. ತಿರುಳಿನ ಕೆಲಸ ಆ ಎರಡು ಚರ್ಮಗಳನ್ನು ಒಂದನ್ನೊಂದು ಮುಟ್ಟದಂತೆ ದೂರ ಇಡುವುದು. ಅಂದಮೇಲೆ ತಿರುಳು ಎಷ್ಟು ಹಗುರವೋ ಹಲಗೆ ಅಷ್ಟು ಹಗುರ. ಇದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಅವಳಿಗೆ ತನ್ನ ಕೈಯ ಮೇಲೂ ಸಂಶಯವಿರಲಿಲ್ಲ. ಅಪ್ಪನದು ಸೌದೆ ಮತ್ತು ತುಂಡು ಮರದ ಅಂಗಡಿ. ಏಳು ವರ್ಷದವಳಿದ್ದಾಗಲೇ ಕೊರಡು ಎತ್ತಿಸಿ, ಎಷ್ಟಿದೆ ಹೇಳೇ, ಎಂದು ಕೇಳುತ್ತಿದ್ದ. ಹೇಳಿದ್ದು ಸರಿಯಾದರೆ ಗಿರಾಕಿಗಳ ಎದುರು ಮೀಸೆ ತೀಡುತ್ತಿದ್ದ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲೂ ಅದು ನಡೆದುಬಂತು. ಅತ್ತೆ ಕೂಡ ಹಲಗೆ ತಂದು ಅವಳ ಕೈಗಿಟ್ಟು, ಅವಳು ಹೇಳಿದ್ದನ್ನು ಸೀಮೆಸುಣ್ಣದಲ್ಲಿ ಬರೆದುಬಿಡುತ್ತಿದ್ದರು, ತಕ್ಕಡಿಯ ಕಡೆ ತಿರುಗಿಯೂ ನೋಡದೆ. ಅಪ್ಪ ಇನ್ನೊಂದನ್ನೂ ಮಾಡಿಸುತ್ತಿದ್ದ. ಬೆಳ್ಳಂಬೆಳಿಗ್ಗೆ, ಅಂಗಡಿಯ ಬಾಗಿಲು ತೆರೆಯುವ ಮೊದಲು, ಸೌದೆಯ ರಾಶಿಯ ಮೇಲೆ ಅವಳ ಕೈಯಿಂದ ಚೊಂಬಿನಲ್ಲಿ ನೀರು ಚಿಮುಕಿಸುತ್ತಿದ್ದ. ಹತ್ತು ಗಂಟೆಗೆ ತೂಕಕ್ಕೆ ನಿಂತ ಸೌದೆ ನೋಡಲು ಒಣಗಿರುತ್ತಿತ್ತು, ಒಳಗೆ ಮಾತ್ರ ನೀರು ಕುಡಿದು ಕೂತಿರುತ್ತಿತ್ತು. ಮರ ಕುಡಿಯುತ್ತದೆ. ಏಳನೆಯ ವಯಸ್ಸಿಗೇ ಗೊತ್ತಿದ್ದ ಈ ವಿಷಯ ಐವತ್ತೆರಡನೆಯ ವಯಸ್ಸಿನಲ್ಲಿ, ಮಂಡಿಯ ಸ್ಟೂಲಿನ ಮೇಲೆ ಮೂರು ದಿನ ಕೂತರೂ, ಅವಳ ತಲೆಗೆ ಹೊಳೆಯಲಿಲ್ಲ. ಹಗುರ ಮರವೆಂದರೆ ಒಳಗೆ ಖಾಲಿಯಿರುವ ಮರ. ಇನ್ನೂರರಲ್ಲಿ ನಲವತ್ತು ಅತಿ ಹಗುರದ್ದನ್ನು ಆರಿಸುತ್ತೇನೆಂದು ಅವಳು ಆರಿಸಿದ್ದು ನಲವತ್ತು ಅತಿ ಬಾಯಾರಿದ್ದನ್ನು. ಅಂಟು ಬಳಿಯುತ್ತಿದ್ದ ವಾರಗಿತ್ತಿ ರೋಲರು ನಿಲ್ಲಿಸಿ, "ಅಕ್ಕ, ಇದು ಇನ್ನೂ ಕೇಳ್ತಾ ಇದೆ," ಎಂದಿದ್ದಳು. "ಕೊಡು, ಕೇಳಿದಷ್ಟು ಕೊಡು," ಎಂದವಳು ತಾನೇ.

ಆ ವಾರಗಿತ್ತಿಯ ಕಿವಿ. ಅದು ಈಗಲೂ ಕಣ್ಣೆದುರಿಗಿತ್ತು. ಮಂಡಿಯಲ್ಲಿ ಚಿಕ್ಕವಳು ಪೌಲೋನಿಯಾದ ಒಂದು ಹಾಳೆ ಹಿಡಿದುಕೊಂಡು, "ಇದು ಹಗುರಾನೂ ಇದೆ, ನೀರೂ ಎಳೆಯಲ್ವಂತೆ, ಒಂದು ನೋಡೋಣ್ವಾ ಅಕ್ಕ," ಎಂದಾಗ ಅವಳು ತಿರುಗಿಯೂ ನೋಡದೆ, "ಅದು ಹಣ್ಣಿನ ಪೆಟ್ಟಿಗೆ ಹೊಡೆಯೋ ಮರ ಕಣೇ. ನಿನಗೆ ಮರ ಅಂದ್ರೆ ಏನು ಗೊತ್ತು, ಅಂಟು ಕಲೆಸೋದು ನೋಡ್ಕೋ," ಎಂದಿದ್ದಳು. ಮಂಡಿಯವನು ಹಲ್ಲು ಬಿಟ್ಟ. ಚಿಕ್ಕವಳ ಬಲಗಿವಿ ತುದಿಯಿಂದ ಬುಡದವರೆಗೆ ನಿಧಾನವಾಗಿ ಕೆಂಪಗಾಯಿತು. ಹಾಳೆಯನ್ನು ಮಾತ್ರ ಕೆಳಗಿಡಲಿಲ್ಲ. ತನ್ನ ಪರ್ಸಿನ ದುಡ್ಡು ಕೊಟ್ಟು ಒಂದೇ ಒಂದನ್ನು ಕೊಂಡುಕೊಂಡಳು. ಆ ಒಂದು ಹಾಳೆ ಈಗ ಎಂಬತ್ತು ಗ್ರಾಂ ಮುಂದಿತ್ತು, ಹತ್ತು ಗಂಟೆಗೆ ಟೀಚರ್ ಬರುವವಳಿದ್ದಳು, ಮತ್ತು ಉಜ್ಜುವ ಮೆಷಿನ್ನು ಮೇಜಿನ ಮೇಲೇ ಇತ್ತು. ಅವಳು ಅದನ್ನು ಯಾವಾಗ ಕೈಗೆತ್ತಿಕೊಂಡಳೋ ಅವಳಿಗೇ ನೆನಪಿಲ್ಲ. ಹಲಗೆಯನ್ನು ಬೋರಲು ಹಾಕಿ, ಯಾರೂ ನೋಡದ ತಳಭಾಗದಲ್ಲಿ, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಉಜ್ಜಿದಳು. ಬಿಳಿಯ ಧೂಳು ಮಂಜಿನಂತೆ ಎದ್ದು ಬಿಸಿಲಲ್ಲಿ ತೇಲಿತು. ಉಜ್ಜು, ತೂಗು, ಉಜ್ಜು. ತಳದ ಪದರದ ಬಟ್ಟೆಯ ನೇಯ್ಗೆ ಕಾಣಿಸಿಕೊಂಡು, ಸವೆದು, ಕೆಲವು ಕಡೆ ಮಾಯವಾಯಿತು. ಚರ್ಮವೇ ಭಾರ ತಡೆಯುವುದು ಎಂದು ಬಲ್ಲವಳೇ ಚರ್ಮ ಸುಲಿಯುತ್ತಿದ್ದಳು. ಅಪ್ಪ ತೂಕ ಏರಿಸಿದ, ಮಗಳು ಇಳಿಸುತ್ತಿದ್ದಾಳೆ, ಒಟ್ಟಿನಲ್ಲಿ ಮನೆತನ ಸರಿತೂಗಿತು ಎಂದು ಒಂದು ಹಾಳು ಯೋಚನೆ ಬಂದು, ಆಗ ಮಾತ್ರ, ಮೂಗಿನ ಬಟ್ಟೆಯೊಳಗೆ ನಕ್ಕಳು. ತೊಂಬತ್ತಾರು ಗ್ರಾಂ ಹೋಯಿತು. ಗುರುತು ಮುಚ್ಚಲು ಬೇಗ ಒಣಗುವ ವಾರ್ನಿಷು ಬಳಿದರೆ ಆ ವಾರ್ನಿಷೇ ಎಂಟು ಗ್ರಾಂ. ಕೊನೆಗೆ ಅಂಕಿ ನಿಂತದ್ದು ಸಾವಿರದ ಮುನ್ನೂರ ಎರಡಕ್ಕೆ.

ಒಂಬತ್ತಕ್ಕೆ ಅತ್ತೆ ಬಂದರು, ಹಿಂದೆಯೇ ಚಿಕ್ಕವಳು ಡಬ್ಬಿ ಹಿಡಿದು ಬಂದಳು.

"ತಿಂಡಿಗೂ ಕೂರದೆ ಓಡಿಬಂದ್ಯಲ್ಲ, ಏನು ಪ್ರೆಸ್ಸು ಓಡಿಹೋಗ್ತಿತ್ತಾ?" ಎಂದರು ಅತ್ತೆ. "ತಲೆ ನೋಡು, ಒಂದೇ ರಾತ್ರಿಗೆ ನನಗಿಂತ ಮುದುಕಿ ಆಗಿದೀಯ."

ಕೈಯಾಡಿಸಿಕೊಂಡರೆ ಕೂದಲ ತುಂಬ ಬಿಳಿ ಧೂಳು. "ಕುರ್ಚಿ ಹಲಗೆ ಉಜ್ತಾ ಇದ್ದೆ," ಎಂದಳು. ವರ್ಕ್‌ಶಾಪಿನಲ್ಲಿ ಕುರ್ಚಿಯ ಹಲಗೆಯ ಕೆಲಸ ನಿಂತು ಹದಿನೈದು ದಿನವಾಗಿತ್ತು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಚಿಕ್ಕವಳು ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟು, "ತಿನ್ನಿ ಅಕ್ಕ, ಖಾಲಿ ಹೊಟ್ಟೇಲಿ ಗೆಲ್ಲಬಾರದು," ಎಂದು ನಕ್ಕಳು. ಆ ನಗೆಯಲ್ಲಿ ಚುಚ್ಚು ಇದೆಯೇ ಎಂದು ಅವಳು ಹುಡುಕಿದಳು, ಇರಲಿಲ್ಲ. ಇದ್ದಿದ್ದರೆ ತುತ್ತು ಇಳಿಯುವುದು ಸುಲಭವಾಗುತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಈ ಹುಡುಗಿ ಮದುವೆಯಾಗಿ ಬಂದ ಮೊದಲ ವಾರ ಅಂಟಿನ ಡಬ್ಬಿಯನ್ನು ಮುಚ್ಚದೆ ಬಿಟ್ಟು, ಇಡೀ ಡಬ್ಬಿ ಕಲ್ಲಾದಾಗ, ಅತ್ತೆಯ ಮುಂದೆ ತಾನೇ ಬಿಟ್ಟದ್ದೆಂದು ಹೇಳಿ ಕಾಪಾಡಿದವಳು ಈ ದೊಡ್ಡಸೊಸೆಯೇ. ಆಗ ಸುಳ್ಳು ಎಷ್ಟು ಹಗುರವಾಗಿ ಬಾಯಿಂದ ಬಂದಿತ್ತು.

ಟೀಚರ್ ಹತ್ತಕ್ಕೆ ಸರಿಯಾಗಿ, ಗುಡ್ಡದ ಗಾಳಿಯನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಬಂದವಳಂತೆ ಬಂದಳು. ಬಲಗಾಲು ಸ್ವಲ್ಪ ಎಳೆಯುತ್ತಿದ್ದಳು. ಅತ್ತೆ ಕೇಳಿದ್ದಕ್ಕೆ, "ಮಂಡಿ ಒಂದ್ಸಲ ರಿಪೇರಿ ಆಗಿದೆ ಅಮ್ಮ, ಇನ್ನೊಂದ್ಸಲ ಮುಟ್ಟಲ್ಲ ಅಂತ ಡಾಕ್ಟರು ಕೈಮುಗಿದಿದ್ದಾರೆ," ಎಂದು ತೊಡೆ ತಟ್ಟಿಕೊಂಡಳು. ತನ್ನ ಪರೀಕ್ಷೆ ಸುಲಭ ಎಂದು ವಿವರಿಸಿದಳು: ಮೊದಲು ತೂಕ, ಗೆದ್ದದ್ದನ್ನು ಎರಡು ಇಟ್ಟಿಗೆಯ ಮೇಲೆ ಸೇತುವೆಯ ಹಾಗಿಟ್ಟು ನಡುವೆ ನಿಂತು ಮೂರು ಸಲ ಹಾರುವುದು. "ಎಂಬತ್ತಾರು ಕೇಜಿ ಇದೀನಿ. ನನ್ನ ತಡೆದ ಹಲಗೆ ಯಾರನ್ನ ಬೇಕಾದ್ರೂ ತಡೆಯತ್ತೆ."

ತಕ್ಕಡಿಯ ಎದುರು ನಾಲ್ವರೂ ನಿಂತರು. ಸಾವಿರದ ಮುನ್ನೂರ ಹತ್ತು. ಸಾವಿರದ ಮುನ್ನೂರ ಎರಡು.

"ಎಂಟೇ ಗ್ರಾಂ," ಎಂದಳು ಟೀಚರ್. "ಆದ್ರೂ ಕಮ್ಮಿ ಅಂದ್ರೆ ಕಮ್ಮಿ."

ಚಿಕ್ಕವಳು ಒಂದು ಗಳಿಗೆ ಅಂಕಿಯನ್ನು ನೋಡಿ, ಆಮೇಲೆ ತಲೆಯಾಡಿಸಿ, ಟೀಚರಿಗೆ ಹೇಳಿದಳು: "ನಾನು ಹೇಳಿರ್ಲಿಲ್ವಾ, ನಮ್ಮಕ್ಕನ ಕೈ ಅಂದ್ರೆ ಕೈ. ಇನ್ನೂರರಲ್ಲಿ ಆರಿಸಿದ್ದು." ಅತ್ತೆ ಗೋಡೆಯ ಮೇಲೆ ಬರೆಯಲು ಸೀಮೆಸುಣ್ಣ ಹುಡುಕತೊಡಗಿದರು. ದೊಡ್ಡಸೊಸೆಗೆ ತನ್ನ ಕಿವಿ ಬಿಸಿಯಾದದ್ದು ಗೊತ್ತಾಯಿತು, ತುದಿಯಿಂದ ಬುಡದವರೆಗೆ, ನಿಧಾನವಾಗಿ. ಏನಾದರೊಂದು ಮಾಡಬೇಕೆಂದು ಸೋತ ಹಲಗೆಯನ್ನು ಎತ್ತಿ ಗೋಡೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವಳ ಕೈ ಅವಳನ್ನು ಕೇಳದೆಯೇ ತನ್ನ ಕೆಲಸ ಮಾಡಿತು. ಹಲಗೆಯ ಎರಡು ತುದಿಗಳು ಹಗುರ. ಇರಬೇಕಾದ್ದಕ್ಕಿಂತ ಹಗುರ. ಚಕ್ರದ ಬೋಲ್ಟು ಕೂರುವ ಕಡೆ ತಿರುಳಿನೊಳಗೆ ಗಟ್ಟಿಯಾದ ಬೀಚ್ ಮರದ ತುಂಡು ಇಡಬೇಕು, ಬಾಲ್ಸಾಕ್ಕೆ ಇಟ್ಟಿದ್ದರು. ಚಿಕ್ಕವಳು ಪೌಲೋನಿಯಾಕ್ಕೆ ಇಟ್ಟಿಲ್ಲ. ಹೀಗೇ ಹೋದರೆ ತಿಂಗಳೊಳಗೆ ಬೋಲ್ಟು ಮೆತ್ತಗೆ ಒಳಗೆ ಇಳಿದು ಚಕ್ರ ಲೊಡಲೊಡ ಅನ್ನುತ್ತದೆ. ಇದನ್ನು ಈಗ ಹೇಳಿದರೆ ಸಾಕು. ಅದೂ ನಿಜ, ಅಪ್ಪಟ ನಿಜ, ಯಾರೂ ಬೆರಳು ತೋರಿಸಲಾರದ ನಿಜ. ವಾರಗಿತ್ತಿಯ ಹಲಗೆ ಅಲ್ಲಿಗೆ ಮುಗಿಯಿತು, ಆರ್ಡರು ಬಾಲ್ಸಾದ್ದೇ, ಮುಂದಿನ ಮೂವತ್ತಕ್ಕೆ ಹೇಗಾದರೂ ತೂಕ ಇಳಿಸುವ ದಾರಿ ಹುಡುಕಿದರಾಯಿತು. ಇಷ್ಟು ಯೋಚನೆ ನಾಲ್ಕನೆಯ ಹೆಜ್ಜೆಯಿಂದ ಐದನೆಯದಕ್ಕೆ ಹೋಗುವಷ್ಟರಲ್ಲಿ ಮುಗಿದಿತ್ತು. ಹಿಂದೆ ಇಟ್ಟಿಗೆ ನೆಲಕ್ಕೆ ಇಟ್ಟ ಸದ್ದು. ತಿರುಗಿದರೆ ಟೀಚರ್ ಒಂದು ಕೈ ಚಿಕ್ಕವಳ ಹೆಗಲ ಮೇಲಿಟ್ಟು, ರಿಪೇರಿಯಾದ ಕಾಲನ್ನು ಮೊದಲು ಮೇಲೆತ್ತುತ್ತಿದ್ದಳು.

"ಇಳೀರಿ," ಎಂದಳು ದೊಡ್ಡಸೊಸೆ.

"ಇನ್ನೂ ಹತ್ತೇ ಇಲ್ವಲ್ಲ."

"ಹತ್ತಬೇಡಿ. ಅದನ್ನ ನಾನು ಉಜ್ಜಿದೀನಿ. ತಳದಲ್ಲಿ. ತೂಕಕ್ಕೆ."

ಪ್ರೆಸ್ಸಿನ ಬಿಸಿ ತಟ್ಟೆ ಎಲ್ಲೋ ಟಕ್ಕೆಂದು ಆರಿತು. ಟೀಚರ್ ಕಾಲು ಕೆಳಗಿಟ್ಟು ಕೇಳಿದಳು: "ಎಷ್ಟು?"

"ತೊಂಬತ್ತಾರು ಗ್ರಾಂ."

"ಕೈಯಲ್ಲಾ?"

"ಮೆಷಿನ್ನಲ್ಲಿ."

"ಕುರ್ಚಿ ಹಲಗೆ," ಎಂದರು ಅತ್ತೆ ಯಾರಿಗೂ ಅಲ್ಲದಂತೆ.

ಅವಳು ಚಿಕ್ಕವಳ ಮುಖ ನೋಡಲಿಲ್ಲ. ನೆಲದ ಮೇಲಿನ ಇಟ್ಟಿಗೆ ನೋಡಿಕೊಂಡೇ ಉಳಿದದ್ದನ್ನೂ ಹೇಳಿದಳು. ಬಾಲ್ಸಾ ಅಂಟು ಕುಡಿದದ್ದು, ನಿಜವಾದ ತೂಕ, ಎಂಬತ್ತು ಗ್ರಾಂ ಹಿಂದೆ ಬಿದ್ದದ್ದು. ಹೇಳುತ್ತ ಹೇಳುತ್ತ ಮಾತು ಸುಲಭವಾಯಿತು, ಕೊನೆಗೆ ವಾರ್ನಿಷಿನ ಎಂಟು ಗ್ರಾಮಿನ ತನಕ ಬಂದಾಗ ಟೀಚರ್ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಆಸ್ಪತ್ರೆ ತಕ್ಕಡಿ ಮೇಲೆ ನಿಂತಾಗ ನಾನೂ ಉಸಿರು ಬಿಗಿ ಹಿಡೀತೀನಿ ಕಣ್ರೀ. ಚಪ್ಪಲಿ ಬಿಡ್ತೀನಿ, ಬಳೆ ತೆಗೀತೀನಿ. ಒಂದ್ಸಲ ಕನ್ನಡಕಾನೂ ತೆಗೆದಿಟ್ಟಿದ್ದೆ, ಅಂಕಿ ಎಷ್ಟು ಬಂತು ಅಂತಾನೇ ಕಾಣ್ಲಿಲ್ಲ." ಅತ್ತೆಗೂ ನಗು ಬಂತು. ಆದರೂ ನೋಡೇಬಿಡೋಣ ಎಂದು ಐವತ್ತು ಕಿಲೋದ ಮರಳಿನ ಚೀಲವನ್ನು ಸೊಸೆಯರಿಬ್ಬರೂ ಎತ್ತಿ ಮೊಣಕಾಲೆತ್ತರದಿಂದ ಬಾಲ್ಸಾ ಹಲಗೆಯ ನಡುವಿಗೆ ಬಿಟ್ಟರು. ಒಂದೇ ಸಲಕ್ಕೆ, ಒಣ ಕಡ್ಡಿ ಮುರಿದಂಥ ಸದ್ದು ಮಾಡಿ, ಹಲಗೆ ಪುಸ್ತಕ ಮಡಿಸಿದ ಹಾಗೆ ಮಡಿಸಿಕೊಂಡಿತು. ಆಗ ಯಾರೂ ನಗಲಿಲ್ಲ. ಟೀಚರ್ ಬಗ್ಗಿ ತನ್ನ ಮಂಡಿಯನ್ನೊಮ್ಮೆ ಸವರಿಕೊಂಡಳು.

ಪೌಲೋನಿಯಾದ ಮೇಲೆ ಟೀಚರ್ ಮೂರರ ಬದಲು ಐದು ಸಲ ಹಾರಿದಳು. ಹಲಗೆ ಬಾಗಿತು, ಎದ್ದಿತು, ಮತ್ತೆ ನೆಟ್ಟಗಾಯಿತು. ಚಿಕ್ಕವಳು ಹಲಗೆಯ ಮೈ ತಟ್ಟಿ, "ಹಣ್ಣಿನ ಪೆಟ್ಟಿಗೆ ಮರ," ಎಂದಳು, ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು.

"ಅನ್ನು, ಅನ್ನು," ಎಂದಳು ದೊಡ್ಡಸೊಸೆ. "ಮೂರು ದಿನ ಅನ್ನು. ಆಮೇಲೆ ಬೋಲ್ಟಿನ ಕೆಳಗೆ ಬೀಚ್ ತುಂಡು ಯಾಕಿಡಲಿಲ್ಲ ಹೇಳು."

"ಇದೂ ಮರಾನೇ ಅಲ್ವಾ ಅಕ್ಕ, ಫೋಮಲ್ಲವಲ್ಲ. ಅದಕ್ಯಾಕೆ?"

"ಉಗುರಲ್ಲಿ ಒತ್ತಿ ನೋಡು."

ಪೌಲೋನಿಯಾ ಹಾಳೆಯಲ್ಲಿ ಕತ್ತರಿಸಿ ಉಳಿದ ಚೂರೊಂದನ್ನು ಒತ್ತಿದರೆ ಉಗುರಿನ ಅರ್ಧಚಂದ್ರ ಸಲೀಸಾಗಿ ಮೂಡಿತು. ಅಷ್ಟಕ್ಕೇ ಚಿಕ್ಕವಳು ಒಪ್ಪುವವಳಲ್ಲ. ಬೋಲ್ಟು ಹಾಕಿ ಸ್ಪ್ಯಾನರಿನಿಂದ ಬಿಗಿಸಿದಳು. ಎರಡನೆಯ ಸುತ್ತಿಗೆ ವಾಷರು ಹಲಗೆಯ ಮೈಯೊಳಗೆ ಇಳಿಯತೊಡಗಿತು. ತುಟಿ ಉಬ್ಬಿಸಿಕೊಂಡು ತಾನೇ ಹೋಗಿ ಬೀಚ್ ತುಂಡುಗಳ ಡಬ್ಬಿ ತಂದಳು. ಎಂಟು ತುಂಡು ಆರಿಸಿ ದೊಡ್ಡಸೊಸೆಯ ಅಂಗೈ ಮೇಲಿಟ್ಟಳು. ಅಭ್ಯಾಸಬಲ. ಇಟ್ಟ ಮೇಲೆ ಇಬ್ಬರೂ ಅದನ್ನು ನೋಡಿದರು.

"ಒಂದೊಂದೂ ಒಂಬತ್ತು," ಎಂದಳು ದೊಡ್ಡಸೊಸೆ. "ಕೊರೆದು ತೆಗೆಯೋ ಪೌಲೋನಿಯಾ ಕಳೆದ್ರೆ ನಿವ್ವಳ ನಲವತ್ತು ಏರತ್ತೆ. ಸಾವಿರದ ಮುನ್ನೂರ ಐವತ್ತು."

"ಈಗ ನನ್ನ ಹತ್ರ ಇರೋದು ಎರಡು ಕಿಲೋ," ಎಂದಳು ಟೀಚರ್. "ಇದನ್ನ ಹೊತ್ಕೊಂಡು ನಮ್ಮಜ್ಜಿ ಗುಡ್ಡ ಓಡಿ ಹತ್ತುತ್ತಾಳೆ. ಆದ್ರೆ ಒಂದು ಮಾತು. ಮೂವತ್ತನ್ನೂ ನನ್ನ ಮುಂದೆ ತೂಗಬೇಕು, ಮೂವತ್ತರ ತಳಾನೂ ತೋರಿಸಬೇಕು."

ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ದೊಡ್ಡಸೊಸೆಯೇ. ಚಿಕ್ಕವಳು ಅತ್ತ ಎಂಟು ತುಂಡುಗಳನ್ನು ಒಯ್ದು ತಕ್ಕಡಿಯ ಮೇಲಿಟ್ಟಳು, ಬೆನ್ನು ತಿರುಗಿಸಿಕೊಂಡು, ಹೆಚ್ಚು ಸದ್ದಾಗದ ಹಾಗೆ. ಎಪ್ಪತ್ತೆರಡಲ್ಲ, ಎಪ್ಪತ್ಮೂರು ಬಂತು.

ಮೂವತ್ತು ಹಲಗೆಯ ಆರ್ಡರು ಸಿಕ್ಕಿತು, ಎರಡು ತಿಂಗಳಲ್ಲಿ ಒತ್ತಿ ಕೊಟ್ಟರು, ಒಂದೂ ವಾಪಸು ಬರಲಿಲ್ಲ. ಉಳಿದ ಬಾಲ್ಸಾ ಹಾಳೆಗಳನ್ನು ಮಂಡಿಯವನು ಅರ್ಧ ಬೆಲೆಗೆ ತೆಗೆದುಕೊಂಡ, ಜೋಡಿಸಿಡುವ ಕೆಲಸ ದೊಡ್ಡಸೊಸೆಯದೇ ಎಂಬ ಕರಾರಿನ ಮೇಲೆ. ವಾರಗಿತ್ತಿಯರು ಮೊದಲಿನಂತೆ ಒಂದೇ ಡಬ್ಬಿಯಲ್ಲಿ ಉಂಡರು, ಮೊದಲಿಗಿಂತ ಹೆಚ್ಚು ಮಾತಾಡಿದರು, ಮರ ಆರಿಸಲು ಇಬ್ಬರೂ ಒಟ್ಟಿಗೆ ಹೋದರು. ದೊಡ್ಡಸೊಸೆ ಕೈಯಲ್ಲಿ ಹಿಡಿದು ಹೇಳಿದ ತೂಕವನ್ನು ಈಗಲೂ ಎಲ್ಲರೂ ಕೇಳುತ್ತಾರೆ, ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತದೆ. ಕೇಳಿದ ಮೇಲೆ ತಕ್ಕಡಿಯಲ್ಲೂ ಇಟ್ಟು ನೋಡುತ್ತಾರೆ. ಮೊದಲು ನೋಡುತ್ತಿರಲಿಲ್ಲ.